ಗ್ಯೊಂಗ್ಜುವಿನಲ್ಲಿ ಒಬ್ಬರೇ ಒಂದು ದಿನ: ಬೆಳಿಗ್ಗೆ ಬೆಟ್ಟ, ಸಂಜೆಗೆ ಕೊಳ

ಗ್ಯೊಂಗ್ಜು ದಕ್ಷಿಣ ಕೊರಿಯಾದ ಆಗ್ನೇಯದಲ್ಲಿರುವ ಊರು. ಕ್ರಿ.ಶ. 935ರವರೆಗೆ, ಹತ್ತಿರ ಹತ್ತಿರ ಸಾವಿರ ವರ್ಷ, ಶಿಲ್ಲಾ ಅರಸರ ರಾಜಧಾನಿ. ನೋಡುವ ಜಾಗಗಳೆಲ್ಲ ಎರಡು ಕಡೆ ಗುಂಪಾಗಿವೆ. ಸಮಾಧಿ ದಿಬ್ಬ, ವೀಕ್ಷಣಾಲಯ, ಕೊಳ, ಮ್ಯೂಸಿಯಂ ಊರೊಳಗೆ ನಡೆದೇ ಮುಗಿಯುತ್ತವೆ. ಬುಲ್ಗುಕ್ಸಾ ದೇವಾಲಯ ಮತ್ತು ಸೊಕ್ಗುರಾಂ ಗುಹೆ ಸುಮಾರು 16 ಕಿ.ಮೀ. ಆಚೆ, ತೊಹಾಮ್ ಬೆಟ್ಟದಲ್ಲಿವೆ. ಬಸ್ಸಿಳಿದ ತಕ್ಷಣ ಎದುರಿಗೆ ಕಾಣುವ ದಿಬ್ಬಗಳಿಗೆ ಹೋಗಿ, ಊಟ ಮುಗಿಸಿ ಬೆಟ್ಟಕ್ಕೆ ಹೊರಟರೆ ದಿನ ಕೆಟ್ಟಂತೆ. ಬೆಟ್ಟದ ಮೇಲಿನ ಬಸ್ಸು ಗಂಟೆಗೊಂದು, ದೇವಾಲಯ ಸಂಜೆಗೆ ಬಂದ್. ಊರೊಳಗಿನ ದಿಬ್ಬಗಳೂ ಕೊಳವೂ ರಾತ್ರಿ 10ರವರೆಗೆ ತೆರೆದಿರುತ್ತವೆ. ಹಾಗಾಗಿ ನಾನು ತಿರುವುಮುರುವು ಮಾಡಿಕೊಂಡೆ.

ಬುಸಾನ್‌ನಿಂದ ಹೋಗುವವರಿಗೆ ರೈಲಿಗಿಂತ ಬಸ್ಸೇ ವಾಸಿ. ಕೆಟಿಎಕ್ಸ್ ಎಂಬ ಅತಿವೇಗದ ರೈಲು ಅರ್ಧ ಗಂಟೆಯಲ್ಲಿ ತಲುಪಿಸುತ್ತದೆ ನಿಜ, ಆದರೆ ಆ ನಿಲ್ದಾಣ ಊರಿನಿಂದ ಸುಮಾರು 10 ಕಿ.ಮೀ. ದೂರ, ಉಳಿಸಿದ ಸಮಯವೆಲ್ಲ ಅಲ್ಲಿಂದ ಊರಿಗೆ ಬರುವುದರಲ್ಲಿ ಹೋಗುತ್ತದೆ. ಮೆಟ್ರೊ 1ನೇ ಲೈನಿನ ಕೊನೆಯ ನಿಲ್ದಾಣ ನೊಪೊ. ಅಲ್ಲಿನ ಟರ್ಮಿನಲ್‌ನಿಂದ ಹತ್ತಿದ ಬಸ್ಸು ಒಂದು ಗಂಟೆಯೊಳಗೆ ಗ್ಯೊಂಗ್ಜು ಊರ ಮಧ್ಯಕ್ಕೇ ಇಳಿಸುತ್ತದೆ. ಸೋಲ್‌ನಿಂದ ಬರುವವರಿಗೆ ಮಾತ್ರ ಕೆಟಿಎಕ್ಸ್ ಸರಿ, ಎರಡು ಗಂಟೆ ಚಿಲ್ಲರೆ.

ಹಳೆಯ ಗೈಡ್‌ಗಳನ್ನು ನಂಬಿ ಹೊರಟರೆ ಇಲ್ಲೇ ಎಡವುತ್ತೀರಿ. ಊರೊಳಗಿದ್ದ ಹಳೆಯ ಗ್ಯೊಂಗ್ಜು ನಿಲ್ದಾಣವೂ ಬುಲ್ಗುಕ್ಸಾ ನಿಲ್ದಾಣವೂ 2021ರ ಡಿಸೆಂಬರ್‌ನಲ್ಲಿ ಮುಚ್ಚಿದವು. ಆಮೇಲೆ ದೂರದ ಶಿನ್‌ಗ್ಯೊಂಗ್ಜು ನಿಲ್ದಾಣಕ್ಕೇ 2023ರಲ್ಲಿ 'ಗ್ಯೊಂಗ್ಜು' ಎಂದು ಹೆಸರಿಟ್ಟರು. ಹಾಗಾಗಿ 'ನಿಲ್ದಾಣದಿಂದ ದಿಬ್ಬಗಳಿಗೆ ನಡೆದು ಹೋಗಿ' ಎಂದು ಬರೆದಿರುವುದೆಲ್ಲ ಈಗ ಸುಳ್ಳು.

ಹೊರಡುವ ಮೊದಲು ಬೇಕಾದ್ದು ಮೂರು. ಮೊದಲನೆಯದು ನೇವರ್ ಮ್ಯಾಪ್. ಗೂಗಲ್ ಮ್ಯಾಪ್ ಕೊರಿಯಾದಲ್ಲಿ ನಡೆಯುವ ದಾರಿಯನ್ನು ಸರಿಯಾಗಿ ತೋರಿಸುವುದಿಲ್ಲ. ಎರಡನೆಯದು ಬಸ್ಸು, ಮೆಟ್ರೊಗೆ ಹಣ ಕೊಡುವ ಟಿ-ಮನಿ ಕಾರ್ಡ್. ಕನ್ವೀನಿಯೆನ್ಸ್ ಸ್ಟೋರ್‌ನಲ್ಲಿ ಸಿಗುತ್ತದೆ, ಆದರೆ ದುಡ್ಡು ತುಂಬಿಸಲು ನಗದೇ ಬೇಕು. ಗ್ಯೊಂಗ್ಜು ಸಿಟಿ ಬಸ್ಸುಗಳಿಗೆ ದಿನಕ್ಕೆ 10,000 ವೊನ್ ಹಾಕಿಸಿದರೆ ಉಳಿಯುತ್ತದೆ. ಮೂರನೆಯದು ಕೊರಿಯನ್ ಲಿಪಿ ಹಂಗುಲ್ ಓದಲು ಕಲಿಯಲು ಒಂದು ಸಂಜೆ. ಕಾಗುಣಿತ ಕಲಿತವರಿಗೆ ಇದು ಕಷ್ಟವೇ ಅಲ್ಲ: ವ್ಯಂಜನ, ಸ್ವರ, ಬೇಕಿದ್ದರೆ ಅಡಿಯಲ್ಲೊಂದು ವ್ಯಂಜನ, ಮೂರೂ ಸೇರಿ ಒಂದು ಚೌಕ. ಬಸ್ಸಿನ ಹಣೆಪಟ್ಟಿ ಓದಲು ಅಷ್ಟು ಸಾಕು.

ಟರ್ಮಿನಲ್ ಎದುರಿನ ಸಿಟಿ ಬಸ್ ಸ್ಟಾಪಿನಲ್ಲಿ 10 ಮತ್ತು 11 ಎರಡೂ ಬರುತ್ತವೆ, ಎರಡೂ ಬುಲ್ಗುಕ್ಸಾಗೆ ಹೋಗುತ್ತವೆ. ಒಂದೇ ವರ್ತುಲವನ್ನು ಎದುರುಬದುರಾಗಿ ಸುತ್ತುವ ಬಸ್ಸುಗಳಿವು. 10 ಬೊಮುನ್ ಕೆರೆಯ ರೆಸಾರ್ಟುಗಳನ್ನೆಲ್ಲ ಸುತ್ತಿಕೊಂಡು ಹೋಗುತ್ತದೆ. 11 ಮ್ಯೂಸಿಯಂ ಕಡೆಯಿಂದ ಹೋಗುವುದರಿಂದ ಬೇಗ, ಸುಮಾರು 40 ನಿಮಿಷ. ಹೋಗುವಾಗ 11, ಬರುವಾಗ 10: ಇದಿಷ್ಟು ನೆನಪಿದ್ದರೆ ಸಾಕು. ಬಸ್ಸು ಕಂಡ ಕೂಡಲೇ ಕೈ ತೋರಿಸಿ, ಮುಂದಿನ ಬಾಗಿಲಲ್ಲಿ ಹತ್ತಿ, ಹಿಂದಿನ ಬಾಗಿಲಲ್ಲಿ ಇಳಿಯಿರಿ.

ಬುಲ್ಗುಕ್ಸಾ ಸ್ಟಾಪಿನಲ್ಲಿ ಇಳಿದರೂ ದೇವಾಲಯಕ್ಕೆ ಹೋಗಬೇಡಿ. ಸೊಕ್ಗುರಾಂಗೆ ಹೋಗುವ 12 ನಂಬರಿನ ಬಸ್ಸನ್ನು ಹಿಡಿಯಿರಿ. ಗಂಟೆಗೆ ಒಂದೇ ಇರುವುದರಿಂದ ಅದರ ಸಮಯವನ್ನು ಬೆಳಿಗ್ಗೆಯೇ ಮ್ಯಾಪಿನಲ್ಲಿ ನೋಡಿಕೊಂಡು, ಅದಕ್ಕೆ ಹೊಂದುವ 11 ಹತ್ತಬೇಕು. ಮೇಲೆ ಇಳಿದ ಮೇಲೆ ಮರಗಳ ನಡುವೆ ಹತ್ತು ನಿಮಿಷದ ಸಮತಟ್ಟು ದಾರಿ.

ಸೊಕ್ಗುರಾಂ ಅನ್ನು ಗುಹೆ ಎನ್ನುತ್ತಾರಾದರೂ ಬಾದಾಮಿಯ ಹಾಗೆ ಬಂಡೆ ಕೊರೆದದ್ದಲ್ಲ. ಬಾದಾಮಿಯದು ಮರಳುಗಲ್ಲು, ಕೊರೆಯಲು ಒದಗುತ್ತದೆ. ಇಲ್ಲಿಯದು ಗ್ರಾನೈಟ್. ಅದಕ್ಕೇ ಕಲ್ಲುಗಳನ್ನು ಬೇರೆ ಬೇರೆಯಾಗಿ ಕಡೆದು, ಗುಮ್ಮಟವಾಗಿ ಜೋಡಿಸಿ, ಮೇಲೆ ಮಣ್ಣು ಹೊದಿಸಿ ಗುಹೆಯ ಆಕಾರ ಕೊಟ್ಟರು. ಗುಮ್ಮಟದ ಕಲ್ಲುಗಳ ನಡುವೆ ಉದ್ದನೆಯ ಗೂಟಗಲ್ಲುಗಳಿವೆ. ಅವುಗಳ ಬಾಲ ಹಿಂದಿನ ಮಣ್ಣಿನೊಳಗೆ ಹುದುಗಿ ಭಾರ ಹಿಡಿದಿರುವುದರಿಂದ ಕಲ್ಲುಗಳು ಒಳಕ್ಕೆ ಬೀಳುವುದಿಲ್ಲ. ಒಳಗೆ ಭೂಮಿಸ್ಪರ್ಶ ಮುದ್ರೆಯ ಬುದ್ಧ, ಸುಮಾರು ಮೂರೂವರೆ ಮೀಟರ್ ಎತ್ತರ, ಪೂರ್ವದ ಕಡಲಿಗೆ ಮುಖ. ಸುತ್ತಲಿನ ಫಲಕಗಳಲ್ಲಿ ಬ್ರಹ್ಮ ಮತ್ತು ಇಂದ್ರ ಇಬ್ಬರೂ ಇದ್ದಾರೆ! ಆದರೆ ನೀವು ನಿಲ್ಲುವುದು ಗಾಜಿನ ಈಚೆ. 1910ರ ದಶಕದ ಜಪಾನೀ ದುರಸ್ತಿಯಲ್ಲಿ ಹೊರಗೆ ಕಾಂಕ್ರೀಟ್ ಬಳಿದ ಮೇಲೆ ಒಳಗೆ ತೇವ ಕಟ್ಟತೊಡಗಿತು. 1960ರ ದಶಕದಲ್ಲಿ ಇನ್ನೊಂದು ಕಾಂಕ್ರೀಟ್ ಗುಮ್ಮಟ ಕಟ್ಟಿದರು, ತೇವ ತೆಗೆಯಲು ಯಂತ್ರ ಇಟ್ಟರು. ಗಾಜು ಈ ತಾಪತ್ರಯದ್ದೇ ಫಲ. ಫೋಟೊ ನಿಷಿದ್ಧ. ಬುದ್ಧನ ಹಿಂದೆ ಇರುವ ಹನ್ನೊಂದು ಮುಖದ ಬೋಧಿಸತ್ವ ಅವಲೋಕಿತೇಶ್ವರ ಇಲ್ಲಿಂದ ಕಾಣುವುದಿಲ್ಲ. ನೋಡುವುದು ಹತ್ತು ನಿಮಿಷವಾದರೂ ಬಂದದ್ದು ದಂಡವೆನಿಸುವುದಿಲ್ಲ.

ಇಳಿಯುವಾಗ ಬಸ್ಸಿಗೆ ಕಾಯಬೇಡಿ. ಕಾಡಿನ ನಡುವೆ ಬುಲ್ಗುಕ್ಸಾ ಬಾಗಿಲಿಗೇ ಇಳಿಯುವ ಸುಮಾರು 2.2 ಕಿ.ಮೀ. ಕಾಲುದಾರಿ ಇದೆ, 45 ನಿಮಿಷ ಸಾಕು. ಒಬ್ಬರೇ ಇದ್ದರೂ ಭಯವಿಲ್ಲ, ದಾರಿ ಅಗಲವಾಗಿದೆ, ಜನ ಓಡಾಡುತ್ತಿರುತ್ತಾರೆ. ಚಳಿಗಾಲದಲ್ಲಿ ಮಾತ್ರ ನೆರಳಿನ ಕಡೆ ಹಿಮ ಗಟ್ಟಿಯಾಗಿ ಜಾರುತ್ತದೆ, ಆಗ ಬಸ್ಸೇ ಸರಿ.

ಬುಲ್ಗುಕ್ಸಾಗೆ 2023ರ ಮೇ ತಿಂಗಳಿಂದ ಟಿಕೆಟ್ ಇಲ್ಲ. ಈಗಿನ ದೇವಾಲಯದ ಕೆಲಸ ಶುರುವಾದದ್ದು 751ರಲ್ಲಿ, ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಗಿಂತ ಸ್ವಲ್ಪ ಈಚೆ. ಇಲ್ಲಿ ಒಂದು ಸೂತ್ರ: ಕಲ್ಲು ಹಳತು, ಮರ ಹೊಸತು. 1593ರ ಜಪಾನೀ ದಾಳಿಯಲ್ಲಿ ಮರದ ಕಟ್ಟಡಗಳು ಸುಟ್ಟುಹೋದವು. ಈಗಿನ ರೂಪ ಬಹುಪಾಲು 1970ರ ಸುಮಾರಿನದು. ಬಣ್ಣದ ಛಾವಣಿಗಳ ಫೋಟೊ ತೆಗೆಯುವುದರಲ್ಲೇ ಸಮಯ ಕಳೆಯದೆ ಮುಂಭಾಗದ ಕಲ್ಲಿನ ಮೆಟ್ಟಿಲ ಸೇತುವೆಗಳನ್ನೂ ಅಂಗಳದ ಎರಡು ಗೋಪುರಗಳನ್ನೂ ನೋಡಿ. ಮೆಟ್ಟಿಲು ಹತ್ತಲು ಬಿಡುವುದಿಲ್ಲ, ಪಕ್ಕದಿಂದ ಸುತ್ತಿ ಹೋಗಬೇಕು. ಕೆತ್ತನೆ ತುಂಬಿದ ಗೋಪುರ ದಬೊತಾಪ್, 10 ವೊನ್ ನಾಣ್ಯದ ಮೇಲಿರುವುದು ಅದೇ. ಸರಳವಾಗಿರುವುದು ಸೊಕ್ಗಾತಾಪ್, 1966ರಲ್ಲಿ ದುರಸ್ತಿಗೆ ಬಿಚ್ಚಿದಾಗ ಅದರೊಳಗೆ ಮರದಚ್ಚಿನಲ್ಲಿ ಮುದ್ರಿಸಿದ ಧಾರಣಿ ಸೂತ್ರ ಎಂಬ ಬೌದ್ಧ ಮಂತ್ರಗ್ರಂಥದ ಸುರುಳಿ ಸಿಕ್ಕಿತು. ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಮುದ್ರಣಗಳಲ್ಲಿ ಅದೂ ಒಂದು.

ಊಟದ ವಿಷಯಕ್ಕೆ ಬಂದರೆ ಒಬ್ಬರೇ ಹೋದವರಿಗೆ ನಿಜವಾದ ತೊಡಕು ಇಲ್ಲಿದೆ. ಸೊಪ್ಪಿನೆಲೆಯಲ್ಲಿ ಅನ್ನ ಸುತ್ತಿ ತಿನ್ನುವ ಸಂಬಾಪ್ ಊಟ ಈ ಊರಿನ ಹೆಸರುವಾಸಿ, ಆದರೆ ಅನೇಕ ಕಡೆ ಕನಿಷ್ಠ ಇಬ್ಬರಿಗೆ. ಬಾಗಿಲಲ್ಲೇ 'ಹೊಂಜಾದೊ ದ್ವೇಯೊ?', ಒಬ್ಬರೇ ಆದರೂ ನಡೆಯುತ್ತದೆಯೇ, ಎಂದು ಕೇಳಿಬಿಡಿ. ತರಕಾರಿ ಹಾಕಿ ಕಲಸಿ ತಿನ್ನುವ ಅನ್ನ ಬಿಬಿಂಬಾಪ್ ಒಬ್ಬರಿಗೂ ಕೊಡುತ್ತಾರೆ. ಸಸ್ಯಾಹಾರಿಗಳು 'ಗೊಗಿ ಪ್ಪೆ ಜುಸೆಯೊ', ಮಾಂಸ ಬಿಟ್ಟು ಕೊಡಿ, ಎನ್ನಬೇಕು. ಆದರೂ ಮೇಲೊಂದು ಮೊಟ್ಟೆ ಇರುತ್ತದೆ, ಜೊತೆಗೆ ಕೊಡುವ ಉಪ್ಪಿನಕಾಯಿಯಂಥ ಕಿಮ್ಚಿಯಲ್ಲಿ ಮೀನು ಅಥವಾ ಸೀಗಡಿಯ ಉಪ್ಪುರಸ, ಸಾರಿನಲ್ಲಿ ಒಣಮೀನಿನ ಕಟ್ಟು. ಕಟ್ಟುನಿಟ್ಟಿನವರಿಗೆ ಉಪಾಯ: ಕನ್ವೀನಿಯೆನ್ಸ್ ಸ್ಟೋರ್‌ನಲ್ಲಿ ಹೆಟ್ಬಾನ್ ಎಂಬ 210 ಗ್ರಾಂನ ರೆಡಿ ಅನ್ನದ ಡಬ್ಬಿ ಸಿಗುತ್ತದೆ. ಮುಚ್ಚಳ ಸ್ವಲ್ಪ ಸುಲಿದು ಅಲ್ಲೇ ಇರುವ ಮೈಕ್ರೊವೇವ್‌ನಲ್ಲಿ 2 ನಿಮಿಷ. ಚೀಲದಲ್ಲಿ ಪುಳಿಯೋಗರೆ ಗೊಜ್ಜೋ ಚಟ್ನಿಪುಡಿಯೋ ಇದ್ದರೆ ಊಟ ಮುಗಿಯಿತು. ಕೊರಿಯನ್ ಅನ್ನ ಅಂಟಂಟು, ಗೊಜ್ಜು ಚೆನ್ನಾಗಿ ಹಿಡಿಯುತ್ತದೆ.

ಮಧ್ಯಾಹ್ನ 10 ನಂಬರಿನ ಬಸ್ಸು ಹಿಡಿದು ಮ್ಯೂಸಿಯಂ ಬಳಿ ಇಳಿಯಿರಿ. ಪ್ರವೇಶ ಉಚಿತ. ಅಂಗಳದಲ್ಲೇ 771ರ ಕಂಚಿನ ಗಂಟೆ: 3.66 ಮೀ. ಎತ್ತರ, 18.9 ಟನ್. ಈಗ ಬಾರಿಸುವುದಿಲ್ಲ, ಧ್ವನಿಮುದ್ರಿಕೆ ಹಾಕುತ್ತಾರೆ. ನಾದ ಏರಿಳಿಯುತ್ತಾ ಸಾಗುವುದನ್ನು ಗಮನಿಸಿ, ಗಂಟೆಯ ಮೈ ಸುತ್ತಲೂ ಒಂದೇ ಸಮವಿಲ್ಲದ್ದರಿಂದ ಹತ್ತಿರ ಹತ್ತಿರದ ಎರಡು ಸ್ವರ ಒಟ್ಟಿಗೆ ಹೊಮ್ಮಿ ಹಾಗಾಗುತ್ತದೆ. ಒಳಗೆ ಚಿನ್ನದ ಕಿರೀಟ ನೋಡಿಕೊಂಡರೆ ಮುಂದಿನ ದಿಬ್ಬಗಳು ಅರ್ಥವಾಗುತ್ತವೆ.

ಅಲ್ಲಿಂದ ಎಲ್ಲವೂ ಕಾಲ್ನಡಿಗೆ. ವೊಲ್ಜಿ ಕೊಳ ಎದುರಿಗೇ ಸಿಗುತ್ತದೆ, ಈಗ ಒಳಗೆ ಹೋಗಬೇಡಿ. ನೇರ ಚೊಮ್ಸೊಂಗ್ದೆಗೆ: ರಾಣಿ ಸೊಂದೊಕ್ ಆಳುತ್ತಿದ್ದ 7ನೇ ಶತಮಾನದ, ಸುಮಾರು 9 ಮೀಟರ್‌ನ ನಕ್ಷತ್ರ ವೀಕ್ಷಣೆಯ ಗೋಪುರ. ಹತ್ತು ನಿಮಿಷ ಸಾಕು. ಮುಂದಿನ ದೇರುಂಗ್ವೊನ್‌ಗೆ ಒಂದು ಗಂಟೆ ಇಡಿ. ಹುಲ್ಲು ಹೊದ್ದ ರಾಜಸಮಾಧಿಗಳ ಆವರಣಕ್ಕೆ ಹಣವಿಲ್ಲ, ಒಳಹೊಕ್ಕು ನೋಡುವ ಚೊನ್ಮಾಚೊಂಗ್‌ಗೆ ಮಾತ್ರ 3,000 ವೊನ್. ಮರದ ಕೋಣೆ, ಅದರ ಮೇಲೆ ಗುಂಡುಕಲ್ಲಿನ ರಾಶಿ, ಆಮೇಲೆ ಜೇಡಿಮಣ್ಣು, ಮೇಲೆ ಮಣ್ಣು: ಬಾಗಿಲೇ ಇಲ್ಲ. ಕೊರೆಯಹೋದರೆ ಕಲ್ಲು ಕುಸಿಯುತ್ತದೆ, ಅದಕ್ಕೇ ಕಳ್ಳರ ಕೈಗೆ ಸಿಗದೆ ಉಳಿಯಿತು. 1973ರಲ್ಲಿ ಇದನ್ನು ಅಗೆದದ್ದು ಪಕ್ಕದ ಜೋಡಿದಿಬ್ಬ ಹ್ವಂಗ್ನಮ್ ದೆಚೊಂಗ್ ಅಗೆಯುವ ಮುನ್ನ ಕೈ ಪಳಗಿಸಿಕೊಳ್ಳಲು. ಸಿಕ್ಕಿದ್ದು 11,000ಕ್ಕೂ ಹೆಚ್ಚು ವಸ್ತು! ದಿಬ್ಬ ಹತ್ತುವುದು ನಿಷಿದ್ಧ. ಎರಡು ದಿಬ್ಬಗಳ ನಡುವೆ ಮರವೊಂದು ಕಾಣುವ ಜಾಗದಲ್ಲಿ ಫೋಟೊಗೆ ಸಾಲು ನಿಂತಿರುತ್ತಾರೆ. ಹಿಂದಿನವರ ಕೈಗೆ ಫೋನ್ ಕೊಟ್ಟು 'ಸಾಜಿನ್ ಜೊಮ್ ಚಿಗೊ ಜುಸೆಯೊ' ಎಂದರೆ ತೆಗೆದುಕೊಡುತ್ತಾರೆ.

ಹೊರಗಿನ ಬೀದಿಯಲ್ಲಿ ಹ್ವಂಗ್ನಮ್ ಪ್ಪಂಗ್ ಎಂಬ ಪುಟ್ಟ ಬನ್ ಸಿಗುತ್ತದೆ, ಒಳಗೆ ಕೆಂಪು ಅವರೆಯಂಥ ಕಾಳಿನ ಸಿಹಿ ಹೂರಣ. ನಮ್ಮ ಹೋಳಿಗೆಯ ದೂರದ ನೆಂಟ ಎನ್ನಬಹುದು. ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ.

ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲು ವೊಲ್ಜಿಗೆ ವಾಪಸ್ ಬನ್ನಿ. 674ರಲ್ಲಿ ತೋಡಿದ ಅರಮನೆ ಕೊಳ; ಟಿಕೆಟ್ 3,000 ವೊನ್, ಕೊನೆಯ ಪ್ರವೇಶ ರಾತ್ರಿ 9.30. ಆಕಾಶ ಪೂರ್ತಿ ಕಪ್ಪಾಗುವ ಮುಂಚಿನ ಇಪ್ಪತ್ತು ನಿಮಿಷದಲ್ಲೇ ಮಂಟಪಗಳ ನೆರಳು ನೀರಿನಲ್ಲಿ ಚೆನ್ನಾಗಿ ಬೀಳುವುದು. ಗಾಳಿ ಇದ್ದರೆ ಪ್ರತಿಬಿಂಬ ಇಲ್ಲ. ಟರ್ಮಿನಲ್‌ಗೆ ಇಲ್ಲಿಂದ ನಡೆದರೆ ಅರ್ಧ ಗಂಟೆಯ ಮೇಲಾಗುತ್ತದೆ. ಬುಸಾನ್‌ಗೆ ಕೊನೆಯ ಬಸ್ಸು ಎಷ್ಟಕ್ಕೆಂದು ಬೆಳಿಗ್ಗೆ ಇಳಿದಾಗಲೇ ಫಲಕದ ಫೋಟೊ ತೆಗೆದುಕೊಂಡಿರಿ.