ಗಾಡಿ ವೈರಿಂಗ್‌ಗೆ ಯಾವ ಕ್ಲ್ಯಾಂಪ್ ಮೀಟರ್ ಕೊಳ್ಳಬೇಕು?

ಚಳ್ಳಕೆರೆ, ಹಿರಿಯೂರು ಕಡೆ ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುವವರ ಚೀಲದಲ್ಲಿ ಟಾಂಗ್ ಟೆಸ್ಟರ್, ಅಂದರೆ ಕ್ಲ್ಯಾಂಪ್ ಮೀಟರ್, ಇದ್ದೇ ಇರುತ್ತದೆ. ಪ್ಯಾನೆಲ್ ಬೋರ್ಡಿನಲ್ಲಿ ಒಂದೊಂದೇ ಫೇಸ್ ಹಿಡಿದು ಆಂಪ್ ನೋಡುವ ಆ ಮೀಟರನ್ನೇ ಲಾರಿಯ ಬ್ಯಾಟರಿ ಕೇಬಲ್‌ಗೆ ಹಾಕಿದರೆ ಸಾಮಾನ್ಯವಾಗಿ ಸೊನ್ನೆ ಬರುತ್ತದೆ. ಮೀಟರ್ ಕೆಟ್ಟಿಲ್ಲ. ವೈರ್ ಸುತ್ತ ಹಿಡಿಯುವ ಅದರ ದವಡೆಯೊಳಗೆ ಇರುವುದು ಬರೀ ತಂತಿ ಸುರುಳಿ. ಏರಿಳಿಯುವ ಎಸಿ ಕರೆಂಟಿಗೆ ಮಾತ್ರ ಅದು ಸ್ಪಂದಿಸುತ್ತದೆ. ಬ್ಯಾಟರಿಯ ಡಿಸಿ ಕರೆಂಟ್ ಅಳೆಯಲು ದವಡೆಯಲ್ಲಿ ಕಾಂತತೆಯನ್ನು ಗುರುತಿಸುವ ಹಾಲ್ ಸೆನ್ಸರ್ ಬೇಕು. ಬೆಲೆ ಏರುವುದು ಇದಕ್ಕೇ.

ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುವ ಮೀಟರ್‌ಗಳು ಬಹುತೇಕ ಎಸಿ ಆಂಪ್‌ನವು. ಎಲ್ಲ ಕಡೆ ಕಾಣುವ ಡಿಟಿ-266 ಮೇಲೆ 1000 ಆಂಪ್ ಎಂದಿರುತ್ತದೆ, ಡಿಸಿ ಚಿಹ್ನೆಯೂ ಇರುತ್ತದೆ. ಆದರೆ ಆ ಚಿಹ್ನೆ ವೋಲ್ಟಿಗೆ, ಆಂಪಿಗಲ್ಲ. ಹಲವರು ಎಡವುವುದು ಇಲ್ಲೇ. ಡಯಲ್ ಮೇಲಿನ ‘ಎ’ ಅಕ್ಷರದ ಪಕ್ಕದಲ್ಲೇ ನೇರ ಗೆರೆ, ಅದರ ಕೆಳಗೆ ತುಂಡು ಗೆರೆ ಇದೆಯೇ ನೋಡಿ. ಅಲೆಯಂಥ ಗೆರೆ ಮಾತ್ರ ಇದ್ದರೆ ವಾಪಸ್ ಕೊಡಿ. ಸೊನ್ನೆ ಮಾಡುವ ‘ಜೀರೊ’ ಬಟನ್ ಇಲ್ಲದಿದ್ದರೂ ಬೇಡ.

ಮುಂದಿನದು ರೇಂಜ್. ದೊಡ್ಡ ಅಂಕಿ ಇದ್ದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಮೀಟರಿನ ಪುಸ್ತಕದಲ್ಲಿ ನಿಖರತೆಯನ್ನು ‘2% + 5 ಡಿಜಿಟ್’ ಎಂಬಂತೆ ಬರೆದಿರುತ್ತಾರೆ. 400 ಆಂಪ್ ರೇಂಜಿನಲ್ಲಿ ಕೊನೆಯ ಅಂಕಿ 0.1 ಆಂಪ್ ಆದರೆ, 5 ಡಿಜಿಟ್ ಎಂದರೆ ಅರ್ಧ ಆಂಪ್. 40 ಆಂಪ್ ರೇಂಜಿನಲ್ಲಿ ಕೊನೆಯ ಅಂಕಿ 0.01, ಆಗಲೂ 50 ಮಿಲಿಆಂಪ್ ಆಚೀಚೆ. ನಿಲ್ಲಿಸಿದ ಕಾರು ಬ್ಯಾಟರಿಯಿಂದ ಎಳೆಯಬಹುದಾದದ್ದೇ ಸುಮಾರು 20ರಿಂದ 50 ಮಿಲಿಆಂಪ್. ಹೀಗಾಗಿ ದೊಡ್ಡ ಮೀಟರಿನಲ್ಲಿ ಸಣ್ಣ ಬ್ಯಾಟರಿ ಸೋರಿಕೆ ಕಾಣುವುದೇ ಇಲ್ಲ.

ಕಾರು, ಬೈಕ್ ಕೆಲಸವೇ ಹೆಚ್ಚಾಗಿದ್ದರೆ ಯೂನಿ-ಟಿ ಯುಟಿ210ಇ ತರಹದ್ದು ಸರಿ. ಅದರಲ್ಲಿ 2 ಆಂಪ್ ರೇಂಜಿದ್ದು, 1 ಮಿಲಿಆಂಪ್‌ವರೆಗೆ ಓದುತ್ತದೆ. ಗರಿಷ್ಠ 100 ಆಂಪ್. ಕೊನೆಯ ಅಕ್ಷರ ನೋಡಿಯೇ ಕೊಳ್ಳಿ, ಅದೇ ಸರಣಿಯಲ್ಲಿ ಡಿಸಿ ಆಂಪ್ ಇಲ್ಲದ ಮಾದರಿಗಳೂ ಇವೆ. ದಾವಣಗೆರೆಯ ಪಿ.ಬಿ. ರಸ್ತೆಯ ಕಡೆಯಂತೆ ಲಾರಿ, ಟ್ರ್ಯಾಕ್ಟರ್ ಸೆಲ್ಫ್ (ಸ್ಟಾರ್ಟರ್ ಮೋಟಾರ್) ಕೆಲಸವೇ ಮುಖ್ಯವಾದರೆ 400 ಅಥವಾ 600 ಆಂಪ್‌ನದ್ದು, ದವಡೆ ಕನಿಷ್ಠ 28 ಮಿ.ಮೀ. ಅಗಲ ತೆರೆಯುವಂಥದ್ದು ಬೇಕು. ಲಾರಿ ಟರ್ಮಿನಲ್‌ನಲ್ಲಿ ಎರಡು ಮೂರು ಕೇಬಲ್ ಒಟ್ಟಿಗಿರುತ್ತವೆ, ಸಣ್ಣ ದವಡೆ ಮುಚ್ಚುವುದೇ ಇಲ್ಲ. ಎರಡೂ ಕೆಲಸಕ್ಕೆ ಒಂದೇ ಅಗ್ಗದ ಮೀಟರ್ ಸಾಲದು. ಮೊದಲು ಯಾವ ಕೆಲಸ ಹೆಚ್ಚು ಬರುತ್ತದೋ ಅದಕ್ಕೆ ಕೊಳ್ಳಿ.

ದುಡ್ಡು ಕೊಡುವ ಮೊದಲು ಅಂಗಡಿ ಮುಂದಿನ ಬೈಕಿನಲ್ಲೇ ಪರೀಕ್ಷಿಸಬಹುದು. ಬ್ಯಾಟರಿಯ ಒಂದು ವೈರ್ ಮಾತ್ರ ದವಡೆಗೆ ಹಾಕಿ, ಕೀ ಆನ್ ಮಾಡಿ ಜೀರೊ ಒತ್ತಿ, ಬ್ರೇಕ್ ಹಿಡಿಯಿರಿ. 12 ವೋಲ್ಟ್ 21 ವ್ಯಾಟ್ ಬ್ರೇಕ್ ಬಲ್ಬ್‌ಗೆ ಸುಮಾರು 1.7 ಆಂಪ್ ಬರಬೇಕು (ಎಲ್‌ಇಡಿ ಆದರೆ ತೀರಾ ಕಡಿಮೆ). ಮೀಟರ್ ತಿರುಗಿಸಿ ಹಾಕಿ, ಬ್ರೇಕ್ ಬಿಟ್ಟು ಮತ್ತೆ ಜೀರೊ ಒತ್ತಿ ಬ್ರೇಕ್ ಹಿಡಿದರೆ ಅಷ್ಟೇ ಅಂಕಿ ಮೈನಸ್ ಆಗಬೇಕು. ಪ್ಲಸ್, ಮೈನಸ್ ಎರಡೂ ವೈರ್ ಒಟ್ಟಿಗೆ ಹಾಕಿದರೆ ಒಂದನ್ನೊಂದು ಕಳೆದು ಸೊನ್ನೆಯೇ ಬರುತ್ತದೆ.

ಬ್ಯಾಟರಿ ಇಳಿಯುವ ಕಾರಣ ಹುಡುಕುವುದು

1. ಕೀ ತೆಗೆಯಿರಿ. ಬಾಗಿಲು ತೆರೆದೇ ಇಟ್ಟು, ಅದರ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದಂತೆ ಮಾಡಿ. ಹೊಸ ಕಾರುಗಳ ಇಸಿಯು (ಗಾಡಿಯ ಕಂಪ್ಯೂಟರ್) ನಿದ್ರೆಗೆ ಜಾರಲು ಅರ್ಧ ಗಂಟೆ ಕಾಯಿರಿ. ಕಾಯದೆ ಓದಿದರೆ ಹಲವು ಆಂಪ್ ತೋರಿಸಿ ದಾರಿ ತಪ್ಪಿಸುತ್ತದೆ.

2. ದವಡೆಯನ್ನು ಕೇಬಲ್ ಪಕ್ಕದಲ್ಲೇ, ಅಳೆಯುವ ದಿಕ್ಕಿನಲ್ಲೇ ಹಿಡಿದು ಜೀರೊ ಒತ್ತಿ. ಭೂಮಿಯ ಕಾಂತತೆಗೂ ಹಾಲ್ ಸೆನ್ಸರ್ ಅಲುಗುತ್ತದೆ. ದಿಕ್ಕು ಬದಲಿಸಿದರೆ ಅಂಕಿಯೂ ಬದಲಾಗುತ್ತದೆ.

3. ಮೈನಸ್ ಟರ್ಮಿನಲ್‌ನ ಎಲ್ಲ ಕೇಬಲ್‌ಗಳನ್ನೂ ಒಟ್ಟಿಗೆ ಹಿಡಿದು ಓದಿ. 300 ಮಿಲಿಆಂಪ್ ಬಂದರೆ ದಿನಕ್ಕೆ 7.2 ಆಂಪ್-ಅವರ್ ಹೋಗುತ್ತದೆ. 35 ಆಂಪ್-ಅವರ್ ಬ್ಯಾಟರಿ ಐದು ದಿನದೊಳಗೆ ಬರಿದು, ಸೆಲ್ಫ್ ಹೊಡೆಯುವುದು ಅದಕ್ಕೂ ಮೊದಲೇ ನಿಲ್ಲುತ್ತದೆ.

4. ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯುತ್ತಾ ಬನ್ನಿ. ಯಾವುದನ್ನು ತೆಗೆದಾಗ ಅಂಕಿ ಇಳಿಯುತ್ತದೋ ಅದೇ ಲೈನ್. ವಾಪಸ್ ಹಾಕಿದಾಗ ಇಸಿಯು ಎಚ್ಚರಗೊಳ್ಳಬಹುದು, ಹಾಗಾಗಿ ಮುಗಿಯುವವರೆಗೆ ತೆಗೆದೇ ಇಡಿ.

ಲಾರಿಯಲ್ಲಿ ಇನ್ನೊಂದು ಸಂಗತಿ ಇದೆ. 24 ವೋಲ್ಟ್‌ಗೆ ಎರಡು ಬ್ಯಾಟರಿ ಸರಣಿಯಲ್ಲಿರುತ್ತವೆ. ಹಾಡಿನ ಟೇಪ್‌ಗೆಂದು ಕೆಳಗಿನ (ಚಾಸಿಗೆ ಅರ್ತ್ ಆದ) ಬ್ಯಾಟರಿಯೊಂದರಿಂದಲೇ 12 ವೋಲ್ಟ್ ಎಳೆದಿದ್ದರೆ, ಎರಡರ ನಡುವಿನ ಲಿಂಕ್ ಕೇಬಲ್‌ನಲ್ಲಿ ಆ ಕರೆಂಟ್ ಕಾಣುವುದಿಲ್ಲ. ಚಾಸಿಗೆ ಹೋಗುವ ಅರ್ತ್ ಕೇಬಲ್ ಹಿಡಿಯಿರಿ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಲೋಡಿಗೆ ದಿನಗಟ್ಟಲೆ ನಿಂತ ಲಾರಿಯಲ್ಲಿ ಒಂದೇ ಬ್ಯಾಟರಿ ಕೈಕೊಟ್ಟರೆ ಮೊದಲು ನೋಡಬೇಕಾದ್ದು ಈ ವೈರನ್ನೇ.

ಸೆಲ್ಫ್ ಪರೀಕ್ಷೆ

ಪೆಟ್ರೋಲ್ ಕಾರಿಗೆ ಫ್ಯುಯೆಲ್ ಪಂಪ್ ಫ್ಯೂಸ್ ತೆಗೆದು, ಐದು ಸೆಕೆಂಡ್ ಮೀರದಂತೆ ಸೆಲ್ಫ್ ಹೊಡೆಯಿರಿ. ಮೊದಲ ಎಳೆತವನ್ನು ಅಗ್ಗದ ಮೀಟರ್ ಹಿಡಿಯಲಾರದು, ಆಮೇಲೆ ನಿಲ್ಲುವ ಅಂಕಿ ನೋಡಿ. ಸಣ್ಣ ಪೆಟ್ರೋಲ್ ಕಾರಿಗೆ ಸಾಮಾನ್ಯವಾಗಿ 80ರಿಂದ 150 ಆಂಪ್, ಡೀಸೆಲ್‌ಗೆ ಅದಕ್ಕಿಂತ ಬಹಳ ಹೆಚ್ಚು. ಹಾಗಾಗಿ ಇದಕ್ಕೆ 100 ಆಂಪ್ ಮೀಟರ್ ಸಾಲದು. ನಿಧಾನ ತಿರುಗುತ್ತಾ ಆಂಪ್ ವಿಪರೀತ ಎಳೆದರೆ ಸೆಲ್ಫ್‌ನ ಬುಷ್ ಸವೆದಿರಬಹುದು ಅಥವಾ ಆರ್ಮೇಚರ್ (ಒಳಗೆ ತಿರುಗುವ ಸುರುಳಿ) ಶಾರ್ಟ್ ಆಗಿರಬಹುದು. ನಿಧಾನ ತಿರುಗಿ ಆಂಪೂ ಕಡಿಮೆಯಿದ್ದರೆ ಸೆಲ್ಫ್ ಬಿಚ್ಚುವ ಮೊದಲು ಬ್ಯಾಟರಿ, ಸಡಿಲ ಟರ್ಮಿನಲ್, ತುಕ್ಕು ಹಿಡಿದ ಅರ್ತ್ ನೋಡಿ.

ದೊಡ್ಡ ಕರೆಂಟ್ ಅಳೆದ ಮೇಲೆ ದವಡೆಯಲ್ಲಿ ಸ್ವಲ್ಪ ಕಾಂತತೆ ಉಳಿಯುತ್ತದೆ. ಸಣ್ಣ ರೇಂಜಿಗೆ ಹೋಗುವ ಮೊದಲು ಮತ್ತೆ ಜೀರೊ ಮಾಡಿ, ದವಡೆಯ ತುದಿಗಳ ಗ್ರೀಸ್, ಧೂಳು ಒರೆಸಿ. ಸ್ವಲ್ಪ ಸಂದು ಉಳಿದರೂ ಓದಿದ್ದು ತಪ್ಪಾಗುತ್ತದೆ.