ತ್ರೀ ನಾಟ್ ತ್ರೀಯಲ್ಲಿ ದೂರದ ಗುರಿ: ಲೀ-ಎನ್‌ಫೀಲ್ಡ್ ನಂಬರ್ 4ರ ಸೈಟ್ ಹೊಂದಿಸುವ ಬಗೆ

ನಮ್ಮ ಕಡೆ ಪೊಲೀಸರ ರೈಫಲ್ ಎಂದರೆ ಬಹುಕಾಲ ತ್ರೀ ನಾಟ್ ತ್ರೀಯೇ, ಅಂದರೆ .303 ಬೋರಿನ (ನಳಿಗೆಯ ಒಳ ಅಳತೆಯ) ಲೀ-ಎನ್‌ಫೀಲ್ಡೇ ಆಗಿತ್ತು. ಹೆಸರು ಎಲ್ಲರಿಗೂ ಗೊತ್ತು. ಆದರೆ ಅದರ ಬ್ಯಾಕ್‌ಸೈಟಿನ (ಗುರಿ ಹಿಡಿಯಲು ಕಣ್ಣಿನ ಬಳಿ ಇರುವ ಸೈಟಿನ) ಮೇಲೆ ಕೊರೆದ ಅಂಕಿಗಳನ್ನು ಎಷ್ಟು ನಂಬಬಹುದು, 600 ಗಜಕ್ಕೋ 1000 ಗಜಕ್ಕೋ ಹೋಗುವ ಮೊದಲು ಏನೇನು ನೋಡಿಕೊಳ್ಳಬೇಕು ಎಂಬುದು ಬೇರೆಯೇ ವಿದ್ಯೆ. ಭಾರತದಲ್ಲಿ .303 ನಿಷೇಧಿತ ಬೋರ್, ಸಾಮಾನ್ಯ ಲೈಸೆನ್ಸಿಗೆ ಸಿಗುವಂಥದ್ದಲ್ಲ. ಹಾಗಾಗಿ ಇಲ್ಲಿ ಹೇಳುವುದು ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ, ಅಮೆರಿಕಗಳಲ್ಲಿ ಅಲ್ಲಿನ ಕಾನೂನಿನಂತೆ ಕ್ಲಬ್ಬಿನ ರೇಂಜಿನಲ್ಲಿ ಹಳೆಯ ಸರ್ವೀಸ್ ರೈಫಲ್ ಹಿಡಿಯುವವರಿಗೆ.

ಮೊದಲು ಒಂದು ಮಾತು. ದೂರದ ಗುರಿ ತಪ್ಪಿದಾಗ ಎಲ್ಲರೂ ಸೈಟನ್ನು ದೂರುತ್ತಾರೆ. ಲೀ-ಎನ್‌ಫೀಲ್ಡಿನಲ್ಲಿ ಹೆಚ್ಚಿನ ಸಲ ತಪ್ಪು ಮರದಲ್ಲಿರುತ್ತದೆ. ಮರ ಸರಿಯಾಗಿ ಕೂರದ ರೈಫಲಿನ ಸೈಟ್ ಹೊಂದಿಸುವುದೆಂದರೆ ಅಲುಗಾಡುವ ಮೇಜಿನ ಮೇಲೆ ತಕ್ಕಡಿ ಇಟ್ಟು ತೂಗಿದ ಹಾಗೆ.

ಸೈಟಿಗೆ ಕೈ ಹಾಕುವ ಮುನ್ನ

ಬೋಲ್ಟ್ (ಚೇಂಬರನ್ನು ಹಿಂದಿನಿಂದ ಮುಚ್ಚುವ ದಂಡ) ತೆರೆದು, ಮ್ಯಾಗಜೀನ್ ತೆಗೆದು, ತೋಟಾ ಕೂರುವ ಚೇಂಬರಿನಲ್ಲಿ ಬೆರಳಿಟ್ಟು ಖಾಲಿ ಇದೆಯೆಂದು ಖಚಿತಪಡಿಸಿಕೊಳ್ಳಿ. ಬ್ಯಾಕ್‌ಸೈಟಿನ ಎಲೆಯನ್ನು ಮೇಲಕ್ಕೆತ್ತಿ ಬೋಲ್ಟ್ ಹೊರತೆಗೆದು, ಹಿಂದಿನಿಂದ ಬೆಳಕು ಹಿಡಿದು ನಳಿಗೆಯೊಳಗೆ ನೋಡಿ. ಈ ರೈಫಲ್‌ಗಳಲ್ಲಿ ನಳಿಗೆಯ ಬಾಯಿ ಸವೆಯುವುದು ಗುಂಡಿನಿಂದ ಮಾತ್ರವಲ್ಲ. ವರ್ಷಗಟ್ಟಲೆ ನಳಿಗೆ ಒರೆಸುವ ಪುಲ್‌ಥ್ರೂ ಹಗ್ಗವನ್ನು ಓರೆಯಾಗಿ ಎಳೆದು ಒಂದು ಪಕ್ಕ ತಿಂದುಹೋಗಿರುತ್ತದೆ. ಮದ್ದು, ಪ್ರೈಮರ್ ಇಲ್ಲದ ಡಮ್ಮಿ ತೋಟಾವನ್ನು ತಲೆಕೆಳಗಾಗಿ ನಳಿಗೆಯ ಬಾಯಿಗೆ ಇಟ್ಟು ನೋಡಿ. ಗುಂಡು ಕೇಸಿನ (ತೋಟಾದ ಲೋಹದ ಕೋಶದ) ಕತ್ತಿನವರೆಗೂ ಒಳಗೆ ಹೋದರೆ ಬಾಯಿ ತೀರ ಸವೆದಿದೆ. ಅಂಥ ನಳಿಗೆಯಿಂದ ದೂರದಲ್ಲಿ ಒಳ್ಳೆಯ ಗುಂಪನ್ನು, ಅಂದರೆ ಗುಂಡುಗಳು ಒತ್ತೊತ್ತಾಗಿ ಬೀಳುವುದನ್ನು, ನಿರೀಕ್ಷಿಸಬೇಡಿ.

ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟಿನ ಮುಖಕ್ಕೂ ತೋಟಾದ ರಿಮ್ ಆನುವ ಜಾಗಕ್ಕೂ ನಡುವಿನ ಅಂತರ) ಅಳೆಯುವ ಗೇಜ್ ಹಾಕಿಸಿ. .064 ಇಂಚಿನ ಗೇಜಿನ ಮೇಲೆ ಬೋಲ್ಟ್ ಮುಚ್ಚಬೇಕು, .074ರ ಮೇಲೆ ಮುಚ್ಚಬಾರದು. ನಂಬರ್ 4ರ ಬೋಲ್ಟ್ ಹೆಡ್‌ಗಳು 0, 1, 2, 3 ಎಂಬ ಅಳತೆಗಳಲ್ಲಿ ಬರುತ್ತವೆ. ಒಂದರಿಂದ ಮುಂದಿನದಕ್ಕೆ ಸುಮಾರು .003 ಇಂಚು ಉದ್ದ ಹೆಚ್ಚು. ಬೇರೆ ರೈಫಲಿನ ಬೋಲ್ಟ್ ತಂದು ಹಾಕುವುದು ಬೇಡ.

ಇನ್ನು ಮರ. ಫೋರ್‌ಎಂಡಿನ (ನಳಿಗೆಯ ಕೆಳಗಿನ ಉದ್ದ ಮರದ) ಹಿಂತುದಿಯಲ್ಲಿ ರಿಸೀವರಿನ (ಬೋಲ್ಟ್ ಓಡಾಡುವ ಉಕ್ಕಿನ ಚೌಕಟ್ಟಿನ) ಒದೆಯನ್ನು ತಾಳಿಕೊಳ್ಳುವ ಎರಡು ಮೂಲೆಗಳಿವೆ, ಅವಕ್ಕೆ ಡ್ರಾ ಎನ್ನುತ್ತಾರೆ. ಎಣ್ಣೆ ಕುಡಿದು ಮೆತ್ತಗಾದ ಮರ ಇಲ್ಲಿ ಜಜ್ಜಿಹೋಗುತ್ತದೆ. ಪರೀಕ್ಷೆ ಸುಲಭ. ಬ್ಯಾಂಡ್‌ಗಳನ್ನೂ ಟ್ರಿಗರ್ ಗಾರ್ಡಿನ ಸ್ಕ್ರೂಗಳನ್ನೂ ತೆಗೆದ ಮೇಲೂ ಫೋರ್‌ಎಂಡ್ ತಾನಾಗಿ ಕೆಳಗೆ ಬೀಳಬಾರದು. ಅಂಗೈಯಿಂದ ತಟ್ಟಿದರಷ್ಟೇ ಬಿಡಬೇಕು. ಕೈಗೆ ಸಡಿಲವಾಗಿ ಬಂದರೆ ಡ್ರಾಗಳಿಗೆ ಗಟ್ಟಿ ಮರದ ತುಂಡು ಕೂರಿಸಬೇಕು. ಅದು ಬಡಗಿಯ ನಾಜೂಕಿನ ಕೆಲಸ. ಎರಡೂ ಬದಿ ಸಮನಾಗಿ ತಾಗದಿದ್ದರೆ ಒದೆ ಒಂದೇ ಕಡೆ ಬಿದ್ದು ಮರ ಸೀಳುತ್ತದೆ.

ನಳಿಗೆ ಎರಡೇ ಕಡೆ ಮರಕ್ಕೆ ತಾಗಬೇಕು: ಹಿಂದೆ ಚೇಂಬರಿನ ಬಳಿಯ ದಪ್ಪ ಭಾಗದಲ್ಲಿ, ಮುಂದೆ ಫೋರ್‌ಎಂಡಿನ ತುದಿಯಲ್ಲಿ. ನಡುವೆ ಒಂದು ತೆಳು ರಟ್ಟು ತಡೆಯಿಲ್ಲದೆ ಸರಿದಾಡಬೇಕು. ತುದಿಯಲ್ಲಿ ಮರ ನಳಿಗೆಯನ್ನು ಮೇಲಕ್ಕೆ ಒತ್ತುತ್ತಿರಬೇಕು, ಸೇನೆಯ ಆರ್ಮರರ್‌ಗಳ ಲೆಕ್ಕದಲ್ಲಿ 2ರಿಂದ 7 ಪೌಂಡ್. ಲಗೇಜ್ ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಬಟ್ಟೆಪಟ್ಟಿ ಕಟ್ಟಿ ನಳಿಗೆಯ ಮುಂತುದಿಗೆ ಸಿಕ್ಕಿಸಿ. ಫೋರ್‌ಎಂಡನ್ನು ಗಟ್ಟಿಯಾಗಿ ಹಿಡಿದು ನಳಿಗೆಯನ್ನು ಮೇಲಕ್ಕೆ ಎಳೆಯಿರಿ. ನಳಿಗೆಗೂ ಮರಕ್ಕೂ ನಡುವೆ ಸಿಕ್ಕಿಸಿಟ್ಟ ಕಾಗದದ ಚೂರು ಸಡಿಲವಾದ ಕ್ಷಣ ತಕ್ಕಡಿ ತೋರಿಸುವುದೇ ಆ ಒತ್ತಡ. 4 ಪೌಂಡಿನ ಆಸುಪಾಸಿದ್ದರೆ ಚೆನ್ನ. ಒತ್ತಡವೇ ಇಲ್ಲದಿದ್ದರೆ ಈಡುಗಳು ಮೇಲೆ ಕೆಳಗೆ ಸಾಲುಗಟ್ಟುತ್ತವೆ. ಒತ್ತಡ ಒಂದು ಪಕ್ಕಕ್ಕೆ ವಾಲಿದ್ದರೆ ನಳಿಗೆ ಕಾದಂತೆಲ್ಲ ಗುಂಪು ಆಚೆ ಪಕ್ಕಕ್ಕೆ ಸರಿಯುತ್ತದೆ.

ಹಳೆಯ ಎಸ್‌ಎಂಎಲ್‌ಇ, ಅಂದರೆ ನಂಬರ್ 1 ಮಾರ್ಕ್ 3 ಬಿಚ್ಚುವವರಿಗೆ ಒಂದು ಎಚ್ಚರಿಕೆ. ಫೋರ್‌ಎಂಡ್ ತೆಗೆಯುವ ಮೊದಲು ಬಟ್ಟಿನ (ಭುಜಕ್ಕೆ ಆನಿಸುವ ಹಿಂಬದಿಯ ಮರದ) ಬೋಲ್ಟನ್ನು ತಿರುಗಿಸಲೇಬೇಡಿ. ಆ ಬೋಲ್ಟಿನ ಚೌಕ ತುದಿ ಫೋರ್‌ಎಂಡಿನ ಹಿಂಬದಿಯ ತಗಡಿನೊಳಗೆ ಕೂತಿರುತ್ತದೆ. ತಿರುಗಿಸಿದರೆ ಮರ ಸೀಳಿಹೋಗುತ್ತದೆ. ಎಷ್ಟೋ ಒಳ್ಳೆಯ ಫೋರ್‌ಎಂಡ್‌ಗಳು ಹೀಗೇ ಹಾಳಾಗಿವೆ.

ಅಂಕಿಗಳ ಅರ್ಥ

ನಂಬರ್ 4ರ ಮಾರ್ಕ್ 1 ಬ್ಯಾಕ್‌ಸೈಟ್ ಸ್ಕ್ರೂ ತಿರುಗಿಸಿ ಏರಿಸುವಂಥದ್ದು, 200ರಿಂದ 1300 ಗಜದವರೆಗೆ, 50 ಗಜಕ್ಕೊಂದು ಕ್ಲಿಕ್. ಮಾರ್ಕ್ 2ರಲ್ಲಿ 300 ಮತ್ತು 600 ಎಂಬ ಎರಡೇ ತೂತು. ಅದು ಯುದ್ಧಕಾಲದ ಅವಸರದ ತಯಾರಿ, ದೂರದ ಗುರಿಗೆ ಆಗದು. ಮಾರ್ಕ್ 3 ಮತ್ತು 4 ತಗಡು ಒತ್ತಿ ಮಾಡಿದವು, ಆಟವಿಲ್ಲದೆ ಬಿಗಿಯಾಗಿದ್ದರೆ ನಡೆಯುತ್ತದೆ.

ಈ ಅಂಕಿಗಳನ್ನು ಕೊರೆದದ್ದು ಮಾರ್ಕ್ 7 ತೋಟಾಕ್ಕಾಗಿ: 174 ಗ್ರೇನಿನ ಗುಂಡು, ಸೆಕೆಂಡಿಗೆ 2440 ಅಡಿ ವೇಗ. ನಿಮ್ಮ ತೋಟಾ ಬೇರೆಯಾದರೆ 600 ಎಂಬುದು ಬರೀ ಒಂದು ಗೆರೆ. ಇಶಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾದ 7.62 ಮಿಲಿಮೀಟರ್ ತೋಟಾದ ರೈಫಲನ್ನೇ ನೋಡಿ. 2ಎ ಮಾದರಿಯಲ್ಲಿ .303ರ ಕಾಲದ 2000ದವರೆಗಿನ ಸೈಟನ್ನೇ ಉಳಿಸಿಕೊಂಡಿದ್ದರು, 2ಎ1ರಲ್ಲಿ ಅದನ್ನು 800ಕ್ಕೆ ಇಳಿಸಿದರು. ಎಸ್‌ಎಂಎಲ್‌ಇ ಎಡಬದಿಯಲ್ಲಿ 2800 ಗಜದವರೆಗಿನ ವಾಲಿ ಸೈಟ್ ಇದ್ದದ್ದೂ ಒಬ್ಬನ ಗುರಿಗಲ್ಲ, ಇಡೀ ತುಕಡಿ ಒಟ್ಟಿಗೆ ಒಂದು ಜಾಗದ ಮೇಲೆ ಗುಂಡು ಸುರಿಸಲಿಕ್ಕೆ. 1916ರಲ್ಲಿ ಬಂದ ಮಾರ್ಕ್ 3 ಸ್ಟಾರಿನಲ್ಲಿ ಅದನ್ನು ಕೈಬಿಟ್ಟರು.

ಎಸ್‌ಎಂಎಲ್‌ಇಗಿಂತ ನಂಬರ್ 4 ದೂರಕ್ಕೆ ಮೇಲು ಎನ್ನಲು ಕಾರಣ ಸೈಟುಗಳ ನಡುವಿನ ಅಂತರ. ಅದರಲ್ಲಿ ಸುಮಾರು 19.5 ಇಂಚು, ಇದರಲ್ಲಿ ಸುಮಾರು 28.8 ಇಂಚು. ಫೋರ್‌ಸೈಟ್ (ನಳಿಗೆಯ ಬಾಯಿಯ ಬಳಿಯ ಸೈಟ್) 1 ಮಿಲಿಮೀಟರ್ ಆಚೀಚೆಯಾದರೆ ಅಲ್ಲಿ 7 ಮಿನಿಟ್ ತಪ್ಪು, ಇಲ್ಲಿ 4.7. (ಮಿನಿಟ್ ಎಂದರೆ ಡಿಗ್ರಿಯ 60ನೇ ಒಂದು ಪಾಲು: 100 ಗಜದಲ್ಲಿ ಹತ್ತಿರ ಹತ್ತಿರ 1 ಇಂಚು, 600ರಲ್ಲಿ 6 ಇಂಚು.) ಜೊತೆಗೆ ನಂಬರ್ 4ರದ್ದು ತೂತಿನ ಸೈಟ್. ಕಣ್ಣು ತಾನಾಗಿ ತೂತಿನ ನಡುವೆ ನಿಲ್ಲುತ್ತದೆ, ನೀವು ಫೋರ್‌ಸೈಟ್ ಮಾತ್ರ ನೋಡಿದರೆ ಸಾಕು. ಗುರಿ ತುಸು ಮಸುಕಾಗಿಯೇ ಕಾಣಬೇಕು. ಫೋರ್‌ಸೈಟಿನ ಅಂಚು ಮಸುಕಾದರೆ ಉಸಿರು ಬಿಟ್ಟು ಮತ್ತೆ ಶುರು ಮಾಡಿ.

ಜೀರೋ ಮಾಡುವುದು

ಜೀರೋ ಎಂದರೆ ಗುರಿ ಹಿಡಿದಲ್ಲೇ ಗುಂಡು ಬೀಳುವಂತೆ ಸೈಟ್ ಹೊಂದಿಸುವುದು. 200 ಗಜ, ಬ್ಯಾಕ್‌ಸೈಟ್ 200ರಲ್ಲಿ. ನಳಿಗೆಯ ಎಣ್ಣೆ ಒರೆಸಿ ಒಣಗಿಸಿ, ಮೊದಲ ಎರಡು ಈಡನ್ನು ಲೆಕ್ಕಕ್ಕೆ ಹಿಡಿಯದೆ, ನಂತರ ಐದು ಹೊಡೆದು ಗುಂಪಿನ ನಡುವನ್ನು ಗುರುತಿಸಿ. ಒಂದೊಂದು ಈಡಿಗೂ ಸೈಟ್ ತಿರುಗಿಸುತ್ತ ಕೂತರೆ ಸಂಜೆಯಾದರೂ ಜೀರೋ ಆಗದು.

ನಂಬರ್ 4ರ ಸರ್ವೀಸ್ ಬ್ಯಾಕ್‌ಸೈಟ್ ಆಚೀಚೆ ಸರಿಯುವುದಿಲ್ಲ. ಎಡ-ಬಲ ಸರಿಪಡಿಸುವುದು ಫೋರ್‌ಸೈಟನ್ನು ಅದು ಕೂರುವ ಗಾಡಿಯಲ್ಲಿ (ಅಡ್ಡ ತೋಡಿನಲ್ಲಿ) ತಳ್ಳಿ, ಎತ್ತರ ಸರಿಪಡಿಸುವುದು ಬ್ಲೇಡ್ ಬದಲಿಸಿ. ನೆನಪಿಡಬೇಕಾದ್ದು ಒಂದೇ: ಗುಂಡು ಎತ್ತ ತಪ್ಪಿದೆಯೋ ಫೋರ್‌ಸೈಟ್ ಅತ್ತಲೇ ಹೋಗಬೇಕು. ಬಲಕ್ಕೆ ಬಿದ್ದರೆ ಬಲಕ್ಕೆ ತಳ್ಳಿ. ಕೆಳಗೆ ಬಿದ್ದರೆ ಗಿಡ್ಡ ಬ್ಲೇಡ್ ಹಾಕಿ.

ಒಂದು ಲೆಕ್ಕ ಮಾಡಿಯೇ ನೋಡೋಣ. ಗುಂಪು 200 ಗಜದಲ್ಲಿ 6 ಇಂಚು ಕೆಳಗೆ, 4 ಇಂಚು ಬಲಕ್ಕೆ ಬಿದ್ದಿದೆ ಎನ್ನಿ. ಅಂದರೆ 3 ಮಿನಿಟ್ ಕೆಳಗೆ, 2 ಮಿನಿಟ್ ಬಲಕ್ಕೆ. ನಂಬರ್ 4ರಲ್ಲಿ ಒಂದು ಮಿನಿಟಿಗೆ ಫೋರ್‌ಸೈಟಿನಲ್ಲಿ .0084 ಇಂಚು. ಎತ್ತರಕ್ಕೆ .025 ಇಂಚು ಗಿಡ್ಡ ಬೇಕು. ಬ್ಲೇಡ್‌ಗಳು ಸಿಗುವುದು .015 ಇಂಚಿನ ಹಂತದಲ್ಲಿ, ಪಕ್ಕದಲ್ಲೇ ಅಂಕಿ ಒತ್ತಿರುತ್ತದೆ. ಒಂದು ಹಂತ ಇಳಿದರೆ 200 ಗಜದಲ್ಲಿ ಮೂರೂವರೆ ಇಂಚಿಗೆ ಸ್ವಲ್ಪ ಹೆಚ್ಚು ಮೇಲೇರುತ್ತದೆ, ಎರಡು ಹಂತ ಇಳಿದರೆ 7 ಇಂಚಿಗೆ ಸ್ವಲ್ಪ ಹೆಚ್ಚು. ಇಲ್ಲಿ ಎರಡು ಹಂತವೇ ಸರಿ: +.045 ಇದ್ದಲ್ಲಿ +.015. ಒಂದಿಂಚು ಮೇಲೆ ಉಳಿದರೆ ಉಳಿಯಲಿ. ಬಲದ 2 ಮಿನಿಟಿಗೆ .017 ಇಂಚು, ಅಂದರೆ ಅರ್ಧ ಮಿಲಿಮೀಟರಿಗೂ ಕಡಿಮೆ. ಇದನ್ನು ಸುತ್ತಿಗೆಯಿಂದ ಬಡಿದು ಮಾಡಬಾರದು. ಗಾಡಿಯ ಮುಂದಿನ ಬಿಗಿ ಸ್ಕ್ರೂ ಸಡಿಲಿಸಿ, ಸ್ಕ್ರೂ ತಿರುಗಿಸಿ ತಳ್ಳುವ ಉಪಕರಣ ಹಾಕಿ ತಳ್ಳಿ. ತಳ್ಳುವ ಮೊದಲು ಚೂಪು ಪೆನ್ಸಿಲಿನಿಂದ ಬ್ಲೇಡಿಗೂ ಗಾಡಿಗೂ ಸೇರಿ ಒಂದು ಗೆರೆ ಎಳೆದರೆ ಎಷ್ಟು ಸರಿದಿದೆಯೆಂದು ಕಣ್ಣಿಗೇ ಕಾಣುತ್ತದೆ. ಆಮೇಲೆ ಸ್ಕ್ರೂ ಬಿಗಿಮಾಡುವುದನ್ನು ಮರೆಯಬೇಡಿ.

ಹೊಳೆಯುವ ಫೋರ್‌ಸೈಟ್ ಕಣ್ಣಿಗೆ ಮೋಸ ಮಾಡುತ್ತದೆ. ಬಿಸಿಲು ಎಡದಿಂದ ಬಿದ್ದರೆ ಬ್ಲೇಡಿನ ಎಡ ಅಂಚು ಮಿನುಗಿ, ನೀವು ಅದನ್ನೇ ನಡುವೆಂದು ಹಿಡಿಯುತ್ತೀರಿ. ಇದರ ಪರಿಹಾರಕ್ಕೆ ಬಲು ದೂರ ಹೋಗಬೇಕಿಲ್ಲ, ದೇವರ ಮನೆಯ ಕರ್ಪೂರ ಸಾಕು. ತೋಟಾಗಳಿಂದ ದೂರ, ಖಾಲಿ ರೈಫಲಿನ ಫೋರ್‌ಸೈಟನ್ನು ಮೊದಲು ಎಣ್ಣೆಯಿಲ್ಲದಂತೆ ಒರೆಸಿ, ಉರಿಯುವ ಕರ್ಪೂರದ ಹೊಗೆಯ ಮೇಲೆ ಹಿಡಿದರೆ ಮಖಮಲ್ಲಿನಂಥ ಕಪ್ಪು ಮಸಿ ಕೂರುತ್ತದೆ. ಬೆರಳು ತಾಗಿಸಬೇಡಿ.

600ರಿಂದ ಆಚೆಗೆ

ಮಾರ್ಕ್ 7ಕ್ಕೆ ಸಮನಾದ ತೋಟಾಕ್ಕೆ 200ರಿಂದ 300ಕ್ಕೆ ಸುಮಾರು 3 ಮಿನಿಟ್, 300ರಿಂದ 500ಕ್ಕೆ ಸುಮಾರು 8, 500ರಿಂದ 600ಕ್ಕೆ 5, ಅಲ್ಲಿಂದ 1000ಕ್ಕೆ 25ರಿಂದ 30 ಮಿನಿಟ್ ಏರಿಸಬೇಕಾಗುತ್ತದೆ. ಇವು ಶುರುಮಾಡಲು ಮಾತ್ರ. ನಿಮ್ಮ ರೈಫಲಿನ ನಿಜವಾದ ಅಂಕಿ ನಿಮ್ಮ ಪುಸ್ತಕದಲ್ಲಿರಬೇಕು: ದಿನ, ದೂರ, ತೋಟಾದ ಲಾಟ್, ಸೈಟ್ ಎಲ್ಲಿತ್ತು, ಬಿಸಿಲೋ ಮೋಡವೋ, ಗಾಳಿ ಎತ್ತಣಿಂದ, ಈಡು ಎಲ್ಲಿ ಬಿತ್ತು.

ಸರ್ವೀಸ್ ಸೈಟಿನ ಮಿತಿ ಇಲ್ಲೇ ಕಾಣುವುದು. 200 ಗಜದಲ್ಲಿ ಒಂದು ಕ್ಲಿಕ್ ಗುಂಡನ್ನು 3 ಇಂಚು ಎತ್ತುತ್ತದೆ. 1000 ಗಜದ ಹತ್ತಿರ ಅದೇ 50 ಗಜದ ಕ್ಲಿಕ್ ಸುಮಾರು 4 ಮಿನಿಟ್, ಅಂದರೆ 40 ಇಂಚು. ನಡುವೆ ನಿಲ್ಲಿಸಲು ಬರುವುದಿಲ್ಲ. ಹಾಗಾಗಿ ಗುರಿಯ ಮೇಲೋ ಕೆಳಗೋ ಹಿಡಿದು ಹೊಡೆಯಬೇಕು. ಟಾರ್ಗೆಟ್ ಸೈಟಿಗೆ ಅವಕಾಶವಿರುವ ಸ್ಪರ್ಧೆಯಾದರೆ ಪಾರ್ಕರ್-ಹೇಲ್ 5ಸಿಯಂಥದ್ದು ಹಾಕಿ. ಮಿನಿಟಿನ ಭಾಗದಷ್ಟು ಸಣ್ಣ ಕ್ಲಿಕ್ಕು, ಗಾಳಿಗೂ ಬೇರೆ ಗುಂಡಿ ಇರುತ್ತದೆ. ಕೊಳ್ಳುವಾಗ ಕೈಯಲ್ಲಿ ಅಲುಗಾಡಿಸಿ ನೋಡಿ. ಹಳೆಯ ಸೈಟಿನ ಸ್ಕ್ರೂವಿನಲ್ಲಿ ಆಟವಿದ್ದರೆ ಯಾವಾಗಲೂ ಒಂದೇ ದಿಕ್ಕಿನಿಂದ ತಿರುಗಿಸಿ ಅಂಕಿಗೆ ತನ್ನಿ.

ಗಾಳಿಯ ಲೆಕ್ಕ ನೆನಪಿಡಲು ಸುಲಭ. ಅಡ್ಡಗಾಳಿ ಗಂಟೆಗೆ 10 ಮೈಲಿ ಇದ್ದರೆ 600 ಗಜದಲ್ಲಿ ಸುಮಾರು 5 ಮಿನಿಟ್, 1000ದಲ್ಲಿ ಸುಮಾರು 10. ಓರೆಯಾಗಿ 45 ಡಿಗ್ರಿಯಿಂದ ಬಂದರೆ ಅದರ ಹತ್ತರಲ್ಲಿ ಏಳು ಪಾಲು, 30 ಡಿಗ್ರಿಯಿಂದ ಅರ್ಧ. ಬಾವುಟಕ್ಕಿಂತ ಬಿಸಿಲ ಝಳದ ಅಲೆ ಹೆಚ್ಚು ಸತ್ಯ ಹೇಳುತ್ತದೆ. ಸ್ಪಾಟಿಂಗ್ ಸ್ಕೋಪನ್ನು ಗುರಿಗಿಂತ ತುಸು ಈಚೆಗೆ ಫೋಕಸ್ ಮಾಡಿದರೆ ಅಲೆ ಹರಿಯುವ ದಿಕ್ಕು ಕಾಣುತ್ತದೆ. ಅಲೆ ನೆಟ್ಟಗೆ ಮೇಲಕ್ಕೆ ಕುದಿಯುತ್ತಿದ್ದರೆ ಅಡ್ಡಗಾಳಿ ಇಲ್ಲ, ಅಥವಾ ದಿಕ್ಕು ಬದಲಿಸುತ್ತಿದೆ. ಆಗ ಕಾಯಿರಿ. ಇನ್ನೊಂದು: ಈ ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿ ಗೀರುಗಳ ತಿರುವು ಎಡಕ್ಕೆ, ಹಾಗಾಗಿ ದೂರದಲ್ಲಿ ಗುಂಡು ತಿರುವಿನಿಂದಲೇ ಸ್ವಲ್ಪ ಎಡಕ್ಕೆ ವಾಲುತ್ತದೆ.

ಲೀ-ಎನ್‌ಫೀಲ್ಡಿನ ಸೊಗಸು ಇರುವುದೂ ಈ ದೂರದಲ್ಲೇ. 200 ಗಜದಲ್ಲಿ ಸಾಧಾರಣವೆನಿಸಿದ ರೈಫಲ್ 900, 1000 ಗಜದಲ್ಲಿ ಅಚ್ಚರಿಯ ಗುಂಪು ಕೊಡುತ್ತದೆ. ಬೋಲ್ಟನ್ನು ಬಿಗಿಹಿಡಿಯುವ ಲಾಕಿಂಗ್ ಲಗ್‌ಗಳು ಅದರ ಹಿಂಭಾಗದಲ್ಲಿರುವುದರಿಂದ ಈಡಿನ ಹೊತ್ತಿಗೆ ಬೋಲ್ಟೂ ರಿಸೀವರೂ ತುಸು ಬಾಗಿ ನಳಿಗೆಯ ಬಾಯಿ ಮೇಲಕ್ಕೆ ಚಿಮ್ಮುತ್ತಿರುತ್ತದೆ. ವೇಗದ ಗುಂಡು ಬೇಗ ಹೊರಬೀಳುತ್ತದೆ, ಆಗ ಬಾಯಿ ಇನ್ನೂ ಕೆಳಗಿದೆ. ನಿಧಾನದ ಗುಂಡು ತಡವಾಗಿ ಹೊರಬೀಳುತ್ತದೆ, ಅಷ್ಟರಲ್ಲಿ ಬಾಯಿ ಮೇಲೆದ್ದಿದೆ. ನಿಧಾನದ ಗುಂಡು ಹೆಚ್ಚು ಕುಸಿದರೂ ಎತ್ತರದಿಂದ ಹೊರಟಿದ್ದರಿಂದ ದೂರದಲ್ಲಿ ಎರಡೂ ಒಂದೇ ಕಡೆ ಸೇರುತ್ತವೆ. ಇದಕ್ಕೆ ಕಾಂಪೆನ್ಸೇಶನ್ ಎಂದು ಹೆಸರು. ಹಾಗಾಗಿ 100 ಗಜದ ಗುಂಪು ನೋಡಿ ನಿಮ್ಮ ನಂಬರ್ 4ಅನ್ನು ತಳ್ಳಿಹಾಕಬೇಡಿ. ಹತ್ತಿರದಲ್ಲಿ ಮೇಲೆ ಕೆಳಗೆ ಚದುರುವ ತೋಟಾವೇ ದೂರದಲ್ಲಿ ಸೇರಬಹುದು, ದೂರಕ್ಕೆ ಒಯ್ದೇ ಪರೀಕ್ಷಿಸಿ.

ತೋಟಾ ಒಣಗಿರಬೇಕು, ಚೇಂಬರೂ ಒಣಗಿರಬೇಕು. ಎಣ್ಣೆಯೋ ಮಳೆನೀರೋ ಇದ್ದರೆ ಕೇಸು ಚೇಂಬರಿನ ಗೋಡೆ ಹಿಡಿಯದೆ ಪೂರ್ತಿ ಒದೆಯನ್ನು ಬೋಲ್ಟಿನ ಮೇಲೆ ಹಾಕುತ್ತದೆ. ಈಡು ಮೇಲಕ್ಕೆ ಹಾರುತ್ತದೆ, ಲಗ್‌ಗಳಿಗೂ ಕೇಡು. ಮಳೆಯಲ್ಲಿ ತೋಟಾಗಳನ್ನು ಟೋಪಿಯ ಕೆಳಗೋ ಮುಚ್ಚಿದ ಡಬ್ಬಿಯಲ್ಲೋ ಇಟ್ಟು ಒಂದೊಂದಾಗಿ ತುಂಬಿ. ಸ್ಲಿಂಗನ್ನು (ತೋಳಿಗೆ ಬಿಗಿಯುವ ಪಟ್ಟಿಯನ್ನು) ನಡು ಬ್ಯಾಂಡಿಗೆ ಕಟ್ಟಿ ಬಿಗಿದರೆ ಅಷ್ಟು ಕಷ್ಟಪಟ್ಟು ಹೊಂದಿಸಿದ ತುದಿಯ ಒತ್ತಡವೇ ಬದಲಾಗುತ್ತದೆ. ಮ್ಯಾಗಜೀನಿನ ಮುಂದಿನ ಟ್ರಿಗರ್ ಗಾರ್ಡ್ ಸ್ಕ್ರೂವಿಗೆ ಸ್ವಿವೆಲ್ ಹಾಕಿ ಅಲ್ಲಿಗೆ ಕಟ್ಟಿ.

ಕೇಸು ಮರುಬಳಸುವವರು ಮೊದಲ ಈಡಿನ ನಂತರ ಕತ್ತನ್ನಷ್ಟೇ ಸೈಜ್ ಮಾಡಿ (ಅಚ್ಚಿನಲ್ಲಿ ಒತ್ತಿ ಮೂಲ ಅಳತೆಗೆ ತನ್ನಿ). ಮಿಲಿಟರಿ ಚೇಂಬರ್ ದೊಡ್ಡದು. ಪ್ರತಿಸಲ ಪೂರ್ತಿ ಸೈಜ್ ಮಾಡಿದರೆ ರಿಮ್ಮಿನ ಮೇಲೆ ಅರ್ಧ ಇಂಚಿನ ಆಸುಪಾಸಿನಲ್ಲಿ ಕೇಸು ತೆಳುವಾಗಿ ಒಂದು ದಿನ ಎರಡು ತುಂಡಾಗುತ್ತದೆ. ತುದಿ ಬಗ್ಗಿಸಿದ ಪೇಪರ್ ಕ್ಲಿಪ್ಪನ್ನು ಒಳಗೆ ಇಳಿಸಿ ಗೋಡೆಗುಂಟ ಎಳೆಯಿರಿ. ತಗ್ಗು ತಟ್ಟಿದರೆ ಆ ಕೇಸನ್ನು ಎಸೆಯಿರಿ.

ಹಳೆಯ ಮಿಲಿಟರಿ ತೋಟಾ ಹೊಡೆದ ದಿನ ಎಣ್ಣೆ ಬಟ್ಟೆ ಸಾಲದು. ಪ್ರೈಮರಿನ ಉಪ್ಪು ಎಣ್ಣೆಗೆ ಕರಗುವುದಿಲ್ಲ, ನೀರಿಗೆ ಮಾತ್ರ. ಬೋಲ್ಟ್ ತೆಗೆದು, ಕೊಳವೆಯಿರುವ ಆಲಿಕೆಯಿಂದ ಚೇಂಬರಿನ ಕಡೆಯಿಂದ ಒಂದೆರಡು ಲೀಟರ್ ಕುದಿಯುವ ನೀರು ಹಾಯಿಸಿ. ಕಾದ ನಳಿಗೆ ತಾನೇ ಬೇಗ ಒಣಗುತ್ತದೆ. ನಂತರ ಹಿಂದಿನಿಂದಲೇ ರಾಡ್ ಹಾಕಿ ಒರೆಸಿ, ತೆಳುವಾಗಿ ಎಣ್ಣೆ ಬಳಿದು, ಬ್ಯಾಕ್‌ಸೈಟಿನ ಎಲೆ ಮಡಚಿ ಇಡಿ. ಬೋಲ್ಟ್ ಹೆಡ್ಡಿನ ಮುಖಕ್ಕೂ ಬಿಸಿನೀರು ಮುಟ್ಟಿಸಿ, ಅಲ್ಲೂ ಉಪ್ಪು ಕೂತಿರುತ್ತದೆ.