40 ಸೆಕೆಂಡಿನ ರಿಪೋರ್ಟ್: ನಿಧಾನದ ಕ್ವೆರಿಯನ್ನು ಹಿಡಿದು ಸರಿಮಾಡುವುದು ಹೀಗೆ

ಮುಂಬೈ ಮಾಟುಂಗಾದ ಒಂದು ಉಡುಪಿ ಹೋಟೆಲಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟವನು ನಾನು. ದಾದರ್, ಮುಲುಂಡ್‌ನಲ್ಲಿ ಅವರದೇ ಇನ್ನೆರಡು ಬ್ರಾಂಚ್. ಮೂರಕ್ಕೂ ಒಂದೇ ಪೋಸ್ಟ್‌ಗ್ರೆಸ್ ಡೇಟಾಬೇಸ್, ಅದೂ ಹಳೇ ಹಾರ್ಡ್‌ಡಿಸ್ಕ್‌ನ ಕಂಪ್ಯೂಟರಿನಲ್ಲಿ. ಒಂದು ರಾತ್ರಿ ಧಣಿಗಳ ಫೋನ್: "ಎಂತ ಮಾರಾಯ, ದಿನದ ಲೆಕ್ಕ ಬರುವಷ್ಟರಲ್ಲಿ ನನ್ನ ಕಾಫಿ ಮುಗಿಯಿತು!" ನೋಡಿದರೆ 40 ಸೆಕೆಂಡ್.

ಮೊದಲು ಮಾಡಿದ್ದು ದಡ್ಡ ಕೆಲಸ. 4 ಜಿಬಿ ರ‍್ಯಾಮ್ ತೆಗೆಸಿ 8 ಹಾಕಿಸಿದೆ. 40 ಇದ್ದದ್ದು 37 ಆಯಿತು. ಧಣಿಗಳ ದುಡ್ಡೂ ಹೋಯಿತು, ನನ್ನ ಮರ್ಯಾದೆಯೂ ಹೋಯಿತು.

ನೀವು ಮೊದಲು ಯಾವ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ನಿಧಾನ ಅಂತ ಹಿಡಿಯಿರಿ. ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್ ಅನ್ನುವ ಎಕ್ಸ್‌ಟೆನ್ಶನ್ ಇದೆ, ಯಾವ ಕ್ವೆರಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ಲೆಕ್ಕ ಇಡುತ್ತದೆ. ಸೆಟ್ಟಿಂಗ್‌ನಲ್ಲಿ ಸೇರಿಸಿ ಸರ್ವರ್ ಒಮ್ಮೆ ರೀಸ್ಟಾರ್ಟ್ ಮಾಡಬೇಕು. ಮೈಎಸ್‌ಕ್ಯೂಎಲ್ ಡೇಟಾಬೇಸ್ ಇರುವವರು ಸ್ಲೋ ಕ್ವೆರಿ ಲಾಗ್ ಹಾಕಿಕೊಳ್ಳಿ. ಇಷ್ಟು ಹೊತ್ತು ದಾಟಿದರೆ ಮಾತ್ರ ಬರೆದಿಡು ಅನ್ನುವ ಅದರ ಮಿತಿ ಸುಮ್ನೆ ಬಿಟ್ಟರೆ 10 ಸೆಕೆಂಡ್ ಇರುತ್ತದೆ, 1ಕ್ಕೆ ಇಳಿಸಿ.

ಹಿಡಿದ ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಅನಲೈಜ್ ಸೇರಿಸಿ ಓಡಿಸಿ. ಡೇಟಾಬೇಸ್ ಆ ಕೆಲಸವನ್ನು ಹೇಗೆ ಮಾಡಿತು, ಎಲ್ಲಿ ಎಷ್ಟು ಹೊತ್ತು ಹಿಡಿಯಿತು ಅಂತ ತೋರಿಸುತ್ತದೆ. ಒಂದು ಎಚ್ಚರಿಕೆ: ಇದು ಕ್ವೆರಿಯನ್ನು ನಿಜವಾಗಿ ಓಡಿಸುತ್ತದೆ. ಡಿಲೀಟ್ ಇದ್ದರೆ ಡಿಲೀಟೇ ಆಗುತ್ತದೆ. ಅಂಥದ್ದನ್ನು ಬಿಗಿನ್, ರೋಲ್‌ಬ್ಯಾಕ್ ನಡುವೆ ಇಟ್ಟು ಓಡಿಸಿ, ಆದ ಬದಲಾವಣೆ ರದ್ದಾಗುತ್ತದೆ.

ನನಗೆ ಕಂಡದ್ದು ಸೀಕ್ ಸ್ಕ್ಯಾನ್, ಅಂದರೆ ಬಿಲ್ಲುಗಳನ್ನು ಸಾಲು ಸಾಲಾಗಿ ಇಟ್ಟ ಇಡೀ ಟೇಬಲ್ ಓದುವುದು. (ಧಣಿಗಳಿಗೆ ಟೇಬಲ್ ಅಂದರೆ ನಾಲ್ಕು ಜನ ಕೂರುವ ಜಾಗ. ಅವರಿಗೆ ಇದನ್ನು ವಿವರಿಸಿದ್ದು ಬೇರೆಯೇ ಕಥೆ.) ಅದರ ಕೆಳಗೆ 'ರೋಸ್ ರಿಮೂವ್ಡ್ ಬೈ ಫಿಲ್ಟರ್' ಅಂತ ಒಂದು ಸಾಲು. ಬೇಕಾದದ್ದು ಸುಮಾರು 3,100 ಸಾಲು, ಓದಿ ಬಿಸಾಡಿದ್ದು ಹತ್ತಿರ ಹತ್ತಿರ 1 ಕೋಟಿ 60 ಲಕ್ಷ! ಸೀಕ್ ಸ್ಕ್ಯಾನ್ ಕಂಡ ಕೂಡಲೇ ಗಾಬರಿ ಬೇಡ. 120 ತಿಂಡಿಗಳ ಮೆನು ಟೇಬಲ್‌ಗೆ ಅದೇ ಸರಿ. ಬಿಸಾಡಿದ್ದು ಎಷ್ಟು ಅನ್ನುವುದೇ ಮುಖ್ಯ.

ಅಲ್ಲೇ ತೋರಿಸುವ ಅಂದಾಜಿನ ಸಾಲಿನ ಸಂಖ್ಯೆಗೂ ನಿಜದ ಸಂಖ್ಯೆಗೂ ಅಜಗಜಾಂತರ ಇದ್ದರೆ ಆ ಟೇಬಲ್ ಮೇಲೆ ಬರೀ ಅನಲೈಜ್ (ಅಂದಾಜಿಗೆ ಬೇಕಾದ ಅಂಕಿಅಂಶವನ್ನು ಹೊಸದು ಮಾಡುವ ಆಜ್ಞೆ) ಓಡಿಸಿ ನೋಡಿ. ಲೂಪ್ಸ್ 500 ಅಂತಿದ್ದರೆ, ಅಂದರೆ ಆ ಹಂತ 500 ಸಲ ಓಡಿದ್ದರೆ, ಅಲ್ಲಿ ತೋರಿಸುವ ಸಮಯ ಒಂದು ಲೂಪಿನದು, ಗುಣಿಸಬೇಕು.

ಬಿಲ್ ಟೈಮಿನ ಮೇಲೆ ಮೊದಲೇ ಒಂದು ಇಂಡೆಕ್ಸ್ (ಬೇಕಾದ ಸಾಲನ್ನು ಬೇಗ ಹುಡುಕಿಕೊಡುವ ಪಟ್ಟಿ) ಇತ್ತು, ಮತ್ತೆ ಯಾಕೆ ಹೀಗೆ? ತಪ್ಪು ನನ್ನದೇ. ಹೋಟೆಲಿನ ದಿನ ರಾತ್ರಿ 12ಕ್ಕೆ ಮುಗಿಯುವುದಿಲ್ಲ. 12.40ಕ್ಕೆ ಒಬ್ಬರು ಸೆಟ್ ದೋಸೆ ತಿಂದರೂ ಅದು ಹಿಂದಿನ ದಿನದ ಲೆಕ್ಕ. ಅದಕ್ಕೇ ನಾನು ಬಿಲ್ ಟೈಮಿನಿಂದ 5 ಗಂಟೆ ಕಳೆದು, ಅದರ ತಾರೀಖು ತೆಗೆದು, ಸೋಮವಾರಕ್ಕೆ ಸಮ ಇದೆಯಾ ಅಂತ ಕೇಳುತ್ತಿದ್ದೆ. ಇಂಡೆಕ್ಸ್‌ನಲ್ಲಿ ಇರುವುದು ಬಿಲ್ ಟೈಮ್, ನಾನು ಕೇಳುತ್ತಿದ್ದುದು ಲೆಕ್ಕ ಹಾಕಿ ತೆಗೆದ ಇನ್ನೊಂದು ತಾರೀಖು. ಪ್ರತಿ ಸಾಲಿಗೂ ಆ ಲೆಕ್ಕ ಮಾಡದೆ ಡೇಟಾಬೇಸಿಗೆ ಬೇರೆ ದಾರಿ ಇರಲಿಲ್ಲ. ಈಗ ಕಾಲಮ್ಮಿಗೆ ಕೈ ಹಚ್ಚುವುದಿಲ್ಲ. ಬಿಲ್ ಟೈಮ್ ಸೋಮವಾರ ಬೆಳಿಗ್ಗೆ 5 ಅಥವಾ ಆಮೇಲಿನದು, ಮಂಗಳವಾರ 5ಕ್ಕಿಂತ ಮುಂಚಿನದು, ಅಷ್ಟೇ ಕೇಳುತ್ತೇನೆ.

ಜೊತೆಗೆ ಬ್ರಾಂಚ್, ಬಿಲ್ ಟೈಮ್ ಎರಡನ್ನೂ ಸೇರಿಸಿ ಹೊಸ ಇಂಡೆಕ್ಸ್ ಮಾಡಿದೆ, ಇದೇ ಕ್ರಮದಲ್ಲಿ. 'ಸಮ' ಅಂತ ಕೇಳುವ ಕಾಲಮ್ (ಇಲ್ಲಿ ಬ್ರಾಂಚ್) ಮೊದಲು, 'ಇಲ್ಲಿಂದ ಅಲ್ಲಿವರೆಗೆ' ಅನ್ನುವುದು (ಬಿಲ್ ಟೈಮ್) ಆಮೇಲೆ. ಬ್ರಾಂಚಿಗೊಂದು ಬಿಲ್ ಕಟ್ಟು, ಒಳಗೆ ಹೊತ್ತಿನ ಪ್ರಕಾರ ಜೋಡಣೆ ಇದ್ದ ಹಾಗೆ. ತಿರುಗಿಸಿದರೆ ಮೂರು ಬ್ರಾಂಚೂ ಕಲಸಿಕೊಳ್ಳುತ್ತವೆ. ಒಂದು ದಿನದ ಲೆಕ್ಕಕ್ಕೆ ಅಷ್ಟು ಗೊತ್ತಾಗದು, ವರ್ಷದ ಲೆಕ್ಕಕ್ಕೆ ಗೊತ್ತಾಗುತ್ತದೆ.

ರಿಪೋರ್ಟ್ ಅರ್ಧ ಸೆಕೆಂಡಿನೊಳಗೆ ಬಂತು. ಆ ಖುಷಿಗೆ ಸಿಕ್ಕ ಕಾಲಮ್ಮಿಗೆಲ್ಲ ಇಂಡೆಕ್ಸ್ ಹಾಕಬೇಡಿ. ಒಂದು ಇಡ್ಲಿ ಬಿಲ್ ಆದರೂ ಎಲ್ಲ ಇಂಡೆಕ್ಸ್‌ಗಳಲ್ಲೂ ಬರೆಯಬೇಕು, ಅಲ್ವಾ?

ಇನ್ನೊಂದು ಪೆಟ್ಟು ತಿಂದಿದ್ದೇನೆ. ಆ ಇಂಡೆಕ್ಸ್ ಮಾಡಿದ್ದು ಮಧ್ಯಾಹ್ನ 1 ಗಂಟೆಗೆ, ಊಟದ ರಶ್‌ನಲ್ಲಿ. ಬರೀ ಕ್ರಿಯೇಟ್ ಇಂಡೆಕ್ಸ್ ಅಂದರೆ ಅದು ಮುಗಿಯುವವರೆಗೆ ಟೇಬಲ್‌ಗೆ ಹೊಸ ಸಾಲು ಬರೆಯಲಾಗದು. ಮೂರೂ ಕಡೆ ಬಿಲ್ ನಿಂತಿತು. ಕನ್‌ಕರೆಂಟ್ಲಿ ಅಂತ ಸೇರಿಸಿದರೆ ನಿಧಾನ ಆಗುತ್ತದೆ, ಆದರೆ ಯಾರನ್ನೂ ತಡೆಯುವುದಿಲ್ಲ. ಮಧ್ಯೆ ಕೆಟ್ಟರೆ ಇನ್‌ವ್ಯಾಲಿಡ್ ಇಂಡೆಕ್ಸ್ (ಹುಡುಕಲು ಉಪಯೋಗವಿಲ್ಲದ್ದು) ಉಳಿಯುತ್ತದೆ; ಅದನ್ನು ಡ್ರಾಪ್ ಮಾಡಿ ಮತ್ತೆ ಓಡಿಸಿ. ಅವತ್ತು ಕೈಯಲ್ಲಿ ಬರೆದ 64 ಬಿಲ್ಲುಗಳನ್ನು ಸಂಜೆ ಗಲ್ಲಾದ ಪಕ್ಕ ಕೂತು ನಾನೇ ಎಂಟ್ರಿ ಮಾಡಿದೆ.